ಹಣ್ಣುಗಳ ಪರಿಮಳವನ್ನು ಕೂಡಿಸುವ ಕ್ರಮ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಸುತ್ತಣ ಸೀಮೆಯು ದ್ರಾಕ್ಷಿಗೆ ಒಗ್ಗಿದ ಪ್ರದೇಶವು. ಇಲ್ಲಿಯ ಬೆಂಗಳೂರು ನೀಲಿ ದ್ರಾಕ್ಷಿಯು ಪಕ್ವವಾದಾಗ ಅದರ ಪರಿಮಳವು ತೋಟದ ಬೇಲಿಯಾಚೆಗೂ ಬೀಸುವುದು. ಧಾರಣೆಯು ಇಳಿದು ಗೊಂಚಲುಗಳು ಬಳ್ಳಿಯಲ್ಲಿಯೇ ಉಳಿದಾಗ, ಹಣ್ಣನ್ನು ಭಟ್ಟಿಗೆ ಹಾಕಿ ಅತ್ತರನ್ನು ಇಳಿಸಬಾರದೇಕೆ ಎಂದು ಬೆಳೆಗಾರನಿಗೆ ತೋರುವುದು ಸಹಜವೇ. ಆದರೆ ಭಟ್ಟಿಯ ಪಾತ್ರೆಗೆ ಹಣವನ್ನು ಹಾಕುವುದಕ್ಕೆ ಮೊದಲು ಹಣ್ಣಿನ ಪರಿಮಳದ ಸ್ವಭಾವವನ್ನು ಅರಿಯುವುದು ಆವಶ್ಯಕವು.

ಭಟ್ಟಿಗೆ ಒದಗದ ಪರಿಮಳ

ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆಯನ್ನು ಇಳಿಸುವ ಉದ್ಯಮವನ್ನು ಆರಂಭಿಸಿತು. ಶ್ರೀಗಂಧದ ಚೇಗಿನಲ್ಲಿ ಎಣ್ಣೆಯು ಸಮೃದ್ಧವಾಗಿರುವುದರಿಂದ ಅದು ಹಬೆಯೊಡನೆ ಹೊರಬಂದು ನೀರಿನಿಂದ ಬೇರೆಯಾಗುವುದು. ದ್ರಾಕ್ಷಿ, ಅನಾನಸು, ಬಾಳೆ ಮುಂತಾದವುಗಳ ಸಂಗತಿ ಹಾಗಲ್ಲ. ಇವುಗಳ ಪರಿಮಳವಸ್ತುಗಳು ಅತ್ಯಲ್ಪ ಪ್ರಮಾಣದಲ್ಲಿದ್ದು, ರಸದಲ್ಲಿ ಕರಗಿರುವುವು; ಕಾಯಿಸಿದರೆ ಕೆಲವು ಹಾರಿಹೋಗುವುವು, ಕೆಲವು ಮಾರ್ಪಟ್ಟು ಬೇಯಿಸಿದ ಹಣ್ಣಿನ ವಾಸನೆಯನ್ನು ಕೊಡುವುವು. ರಸವನ್ನು ಗಟ್ಟಿಗೊಳಿಸುವ ದೊಡ್ಡ ಕಾರ್ಖಾನೆಗಳಲ್ಲಿ ಆವಿಯೊಡನೆ ಹೋಗುವ ಪರಿಮಳವನ್ನು ಹಿಡಿಯುವುದುಂಟು. ಅದಕ್ಕೆ ಬೆಲೆಯುಳ್ಳ ಯಂತ್ರಗಳು ಬೇಕು.

ಕಿತ್ತಳೆ, ನಿಂಬೆ, ದೇವನಹಳ್ಳಿಯ ಚಕ್ಕೋತ ಮೊದಲಾದುವು ಇದಕ್ಕೆ ಅಪವಾದ. ಇವುಗಳ ಸಿಪ್ಪೆಯ ಸಣ್ಣ ಚೀಲಗಳಲ್ಲಿ ಎಣ್ಣೆಯು ಸಿದ್ಧವಾಗಿದ್ದು, ಒತ್ತಿದೊಡನೆ ಚಿಮ್ಮುವುದು. ಉಳಿದ ಹಣ್ಣುಗಳ ಪರಿಮಳವನ್ನು ಸುಗಂಧಗಾರರು ಹಿಂಡಿ ತೆಗೆಯುವುದಿಲ್ಲ. ಹಲವು ವಸ್ತುಗಳನ್ನು ಮೇಳವಿಸಿ ಕಟ್ಟುವರು.

ದ್ರಾಕ್ಷಿಯ ಮೇಳ

ನೀಲಿ ದ್ರಾಕ್ಷಿಯು ಅಮೆರಿಕದ ಲಾಬ್ರುಸ್ಕ ದ್ರಾಕ್ಷಿಯ ಸಂಬಂಧವುಳ್ಳದ್ದು. ಆ ವರ್ಗದ ವಿಶಿಷ್ಟ ವಾಸನೆಗೆ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವು ಮುಖ್ಯ ಕಾರಣವು. ಮಲ್ಲಿಗೆಯ ಜಾತಿಯ ಹೂಗಳಲ್ಲಿಯೂ ಕಿತ್ತಳೆಯ ಹೂವಿನಲ್ಲಿಯೂ ಇದು ಇರುವುದು. ಇದೊಂದನ್ನೇ ಮೂಸಿದರೆ ದ್ರಾಕ್ಷಿಯ ನೆನಪು ಬರುವುದೇ ಹೊರತು ಹಣ್ಣಿನ ತಾಜಾತನವು ತೋರುವುದಿಲ್ಲ. ಆದುದರಿಂದ ರಸದ ಸೊಗಸಿಗೆ ಈಥೈಲ್ ಬ್ಯುಟಿರೇಟ್, ಹೂವಿನ ಮಾರ್ದವಕ್ಕೆ ಲಿನಲೂಲ್, ಸಿಪ್ಪೆಯ ಚುರುಕಿಗೆ ಕಿತ್ತಳೆಯ ಎಣ್ಣೆ ಇವುಗಳನ್ನು ಸೇರಿಸಬೇಕು.

ಮೊದಲು ವಸ್ತುಗಳನ್ನು ತೆಳುಮಾಡಿಕೊಳ್ಳತಕ್ಕದ್ದು. 1 ಗ್ರಾಂ ವಸ್ತುವಿಗೆ 9 ಗ್ರಾಂ ಮದ್ಯಸಾರವನ್ನು ಕೂಡಿಸಿದರೆ ನೂರಕ್ಕೆ ಹತ್ತರ ದ್ರಾವಣವಾಗುವುದು. ಅದರ 1 ಗ್ರಾಮಿಗೆ ಮತ್ತೆ 9 ಗ್ರಾಂ ಮದ್ಯಸಾರವನ್ನು ಸೇರಿಸಿದರೆ ನೂರಕ್ಕೆ ಒಂದರದು. ಹನಿಗಳು ಒಂದೇ ಗಾತ್ರದಲ್ಲಿರುವುದಿಲ್ಲವಾದ್ದರಿಂದ ತೂಕವೇ ಉತ್ತಮವು. ಮೊದಲ ಪ್ರಯೋಗಕ್ಕೆ ಈ ಪ್ರಮಾಣವು ಸಾಕು:

ಮೀಥೈಲ್ ಆಂಥ್ರನಿಲೇಟ್, ನೂರಕ್ಕೆ ಹತ್ತರದು: 6 ಭಾಗ
ಈಥೈಲ್ ಬ್ಯುಟಿರೇಟ್, ನೂರಕ್ಕೆ ಒಂದರದು: 2 ಭಾಗ
ಲಿನಲೂಲ್, ನೂರಕ್ಕೆ ಹತ್ತರದು: 1 ಭಾಗ
ಕಿತ್ತಳೆ ಸಿಪ್ಪೆಯ ಎಣ್ಣೆ, ನೂರಕ್ಕೆ ಹತ್ತರದು: 1 ಭಾಗ

ಇವುಗಳನ್ನು ಕಲಸಿ, ಶೀಸೆಯ ಬಾಯನ್ನು ಭದ್ರಪಡಿಸಿ, ಒಂದು ದಿನ ಬಿಟ್ಟು ಹೀರುಕಾಗದದ ಪಟ್ಟಿಯ ತುದಿಗೆ ಹಚ್ಚಿ ನೋಡಬೇಕು. ಕೂಡಲೇ ಒಮ್ಮೆ, ಕಾಲು ಗಂಟೆಗೆ ಒಮ್ಮೆ, ಮರುದಿನ ಒಮ್ಮೆ. ಕಿತ್ತಳೆ ಮತ್ತು ಬ್ಯುಟಿರೇಟುಗಳು ಬೇಗನೆ ಹಾರುವುವು, ಆಂಥ್ರನಿಲೇಟು ನಿಲ್ಲುವುದು. ಕೊನೆಯಲ್ಲಿ ಪರಿಮಳವು ಬರಿದಾಗಿ ತೋರಿದರೆ ನೂರಕ್ಕೆ ಹತ್ತರ ಗಂಧದೆಣ್ಣೆಯನ್ನು ಅರ್ಧ ಭಾಗ ಸೇರಿಸಬಹುದು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಿ ಬರೆದಿಡುವವನಿಗೆ ಮಾತ್ರ ಈ ವಿದ್ಯೆಯು ಕೈಗೂಡುವುದು.

ಇದೇ ಕ್ರಮದಿಂದ ಬಾಳೆಯ ಹಣ್ಣಿಗೆ ಐಸೊಅಮೈಲ್ ಅಸಿಟೇಟನ್ನೂ, ಪೀಚ್ ಹಣ್ಣಿಗೆ ಗಾಮಾ ಅಂಡೆಕಲ್ಯಾಕ್ಟೋನನ್ನೂ ಮೂಲವಾಗಿಟ್ಟು ಮೇಳವನ್ನು ಕಟ್ಟಬಹುದು.

ಎಚ್ಚರಿಕೆಗಳು

ಮೀಥೈಲ್ ಆಂಥ್ರನಿಲೇಟು ಚಳಿಗಾಲದ ಬೆಳಗಿನಲ್ಲಿ ಹರಳುಗಟ್ಟುವುದುಂಟು. ಇದು ಕೆಟ್ಟುದರ ಗುರುತಲ್ಲ. ಶೀಸೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುವುದು. ವೆನಿಲಿನ್, ಸಿಟ್ರಾಲ್ ಮೊದಲಾದ ಆಲ್ಡಿಹೈಡುಗಳೊಡನೆ ಸೇರಿದರೆ ಇದು ಬಣ್ಣಗಟ್ಟುವುದರಿಂದ ಬಿಳಿಯ ಸಾಬೂನಿಗೂ ಬಟ್ಟೆಗೂ ಕಲೆಯಾಗಬಹುದು. ಸಿಪ್ಪೆಯ ಎಣ್ಣೆಯು ಗಾಳಿ ಬೆಳಕುಗಳಿಗೆ ಕೆಟ್ಟು ಚರ್ಮಕ್ಕೆ ಒಗ್ಗದಂತಾಗುವುದು. ಅದನ್ನು ಬಣ್ಣದ ಶೀಸೆಯಲ್ಲಿ ಕಂಠದವರೆಗೆ ತುಂಬಿಡತಕ್ಕದ್ದು. ಒತ್ತಿ ತೆಗೆದ ಕೆಲವು ಸಿಪ್ಪೆಯೆಣ್ಣೆಗಳನ್ನು ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮವು ಸುಟ್ಟು ಕಪ್ಪಾಗುವುದು. ದೀಪದ ಬಳಿಯಲ್ಲಿ ಈ ಕೆಲಸವು ಕೂಡದು. ಮದ್ಯಸಾರವು ಅಬಕಾರಿ ನಿಯಮಗಳಿಗೆ ಒಳಪಟ್ಟುದು. ಸುಗಂಧಕ್ಕಾಗಿ ಮಾಡಿದ ಮೇಳವನ್ನು ಪಾನಕಕ್ಕಾಗಲಿ ಮಿಠಾಯಿಗಾಗಲಿ ಹಾಕಕೂಡದು.

ಬೆಳೆಗಾರನು ತಿಳಿಯತಕ್ಕದ್ದು

ಈ ಶೀಸೆಯಲ್ಲಿ ದ್ರಾಕ್ಷಿಯ ಒಂದು ಹಣ್ಣೂ ಇಲ್ಲ. ಆದುದರಿಂದ ಇದನ್ನು ದ್ರಾಕ್ಷಿಯ ಸಾರವೆಂದು ಮಾರುವುದು ಕೊಳ್ಳುವವನಿಗೂ ಬೆಳೆಯುವವನಿಗೂ ಮಾಡುವ ಅನ್ಯಾಯವು; ದ್ರಾಕ್ಷಿಯ ಪರಿಮಳವೆಂದು ಹೇಳಬೇಕು. ಉಳಿದ ಗೊಂಚಲುಗಳಿಗೆ ರಸವೂ ಜ್ಯಾಮೂ ತಕ್ಕ ದಾರಿಗಳು, ಭಟ್ಟಿಯಲ್ಲ. ಮನೆಯಲ್ಲಿ ಸುಗಂಧದ ಕಸಬನ್ನು ಹಿಡಿಯಬೇಕೆನ್ನುವವರು ಸಣ್ಣ ತಕ್ಕಡಿಯಿಂದಲೂ ನಾಲ್ಕು ಶೀಸೆಗಳಿಂದಲೂ ಆರಂಭಿಸಿ, ಕೈ ಪಳಗಿದ ಮೇಲೆ ಮಾತ್ರ ಹೆಚ್ಚಿನ ಹಣವನ್ನು ತೊಡಗಿಸುವುದು ಲೇಸು.