ನೆರವು ಬಂತು, ತಲುಪಿತಾ?

ಆಪತ್ತು ಬಂದಾಗ ಲಾರಿಗಟ್ಟಲೆ ನೆರವು ಹರಿದುಬರುತ್ತೆ. ಆದರೂ ರಸ್ತೆ ಬದಿಯ ಹಳ್ಳಿಗೆ ಎರಡೆರಡು ಸಲ ಸಿಕ್ಕಿ, ಒಳಗಿನ ಹಳ್ಳಿ ಬರಿಗೈಲಿ ಉಳಿಯೋದು ಯಾಕೆ?

ಯಾರಿಗೆ ಏನು ಬೇಕು ಅನ್ನೋ ಮಾಹಿತಿ ಒಂದೇ ಕಡೆ ಸಿಗದಿದ್ದರೆ ಹೀಗಾಗುತ್ತೆ.

2001ರ ಜನವರಿ 26. ಗುಜರಾತಿನ ಕಛ್‌ನಲ್ಲಿ ಭೀಕರ ಭೂಕಂಪ. ಅಲ್ಲಿನ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ‘ಕಛ್ ನವನಿರ್ಮಾಣ ಅಭಿಯಾನ’ ಒಂದು ದಾರಿ ಕಂಡುಕೊಂಡಿತು: ಹಲವು ಹಳ್ಳಿಗಳಿಗೆ ಸೇರಿ ಒಂದು ‘ಸೇತು’ ಕೇಂದ್ರ.

ಕಾರ್ಯಕರ್ತರು ಹಳ್ಳಿಗಳ ಹಾನಿ, ಬೇಡಿಕೆಗಳ ವಿವರ ಕಲೆಹಾಕಿ ಆಡಳಿತಕ್ಕೆ ಮುಟ್ಟಿಸಿದರು. ಸರ್ಕಾರದ ಪರಿಹಾರದ ಆದೇಶಗಳನ್ನು ಜನರಿಗೆ ಬಿಡಿಸಿ ಹೇಳಿದರು. ಮನೆ ಕಟ್ಟಲು ಸರ್ಕಾರ ಕಂತುಗಳಲ್ಲಿ ಹಣ ಕೊಟ್ಟಿತು. ಬಹುಪಾಲು ಕುಟುಂಬಗಳು ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿದವು.

ಸರ್ಕಾರದ ಬಳಿ ಹಣ, ಅಧಿಕಾರ ಇದೆ. ಸ್ಥಳೀಯ ಸಂಸ್ಥೆಗಳಿಗೆ ಓಣಿ ಓಣಿಯೂ ಗೊತ್ತು. ಎರಡೂ ಕೂಡಿದರೇನೇ ಕೆಲಸ.

2005ರ ವಿಪತ್ತು ನಿರ್ವಹಣಾ ಕಾಯ್ದೆಯೂ ಜಿಲ್ಲಾ ಪ್ರಾಧಿಕಾರಗಳಿಗೆ ಇದನ್ನೇ ಹೇಳುತ್ತೆ: ಸ್ವಯಂಸೇವಾ ಸಂಸ್ಥೆಗಳನ್ನು ಜೊತೆಗೆ ಸೇರಿಸಿಕೊಳ್ಳಿ.

ಆದರೆ ನೆರೆ ಬಂದ ಮೇಲೆ ಪರಿಚಯ ಮಾಡಿಕೊಳ್ಳೋಕೆ ಹೊರಟರೆ ತಡವಾಯ್ತು. ಮುಂದಿನ ಗ್ರಾಮಸಭೆಯಲ್ಲೇ ಕೇಳಿ: ನಮ್ಮೂರಿಗೆ ಆಪತ್ತು ಬಂದರೆ ಯಾವ ಸಂಸ್ಥೆ, ಯಾವ ಕೆಲಸಕ್ಕೆ? ಪಂಚಾಯಿತಿಯಲ್ಲಿ ಆ ಪಟ್ಟಿ ಇಂದೇ ಸಿದ್ಧವಾಗಲಿ.