ಶುಗರ್ ಇದ್ದವರ ಜಿಗರ್ ಕಾಯಲು ಶರಬತ್ತು ಸಾಕೇ?

ಈಚೆಗೆ ಖಾಲಾ ಒಬ್ಬರು ಮಗನ ಜೊತೆ ನನ್ನ ದವಾಖಾನೆಗೆ ಬಂದಿದ್ದರು. ಹತ್ತು ವರ್ಷದಿಂದ ಶುಗರ್ ಇದೆ. ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದ ಮೇಲೆ, ಯಾರದೋ ಮಾತು ಕೇಳಿ ಶುಗರ್ ಮಾತ್ರೆ ಬಿಟ್ಟು ಶರಬತ್ ಬಝೂರಿ ಕುಡಿಯತೊಡಗಿದ್ದರು. “ಇದು ನಿಮ್ಮದೇ ಯುನಾನಿ ಔಷಧಿ ಅಲ್ವಾ ಡಾಕ್ಟರ್ ಸಾಹೇಬ್?” ಎಂದರು. ನಮ್ಮದೇ, ನಿಜ. ಆದರೆ ಶರಬತ್ತು ತಯಾರಾಗುವುದೇ ಸಕ್ಕರೆ ಪಾಕದಲ್ಲಿ. ಮಾಜೂನುಗಳೂ ಸಾಮಾನ್ಯವಾಗಿ ಜೇನು ಅಥವಾ ಸಕ್ಕರೆಯಲ್ಲೇ. ಅಂದು ಅವರ ಖಾಲಿ ಹೊಟ್ಟೆಯ ಶುಗರ್ 286 ಇತ್ತು.

ಹೆಚ್ಚಿದ ಸಕ್ಕರೆ ಜಿಗರನ್ನು, ಅಂದರೆ ಲಿವರನ್ನು, ಹೇಗೆ ಕೆಡಿಸುತ್ತದೆ? ಸ್ನಾಯುಗಳೊಳಗೆ ಸಕ್ಕರೆ ಹೋಗಲು ಇನ್ಸುಲಿನ್ ಬಾಗಿಲು ತೆರೆಯಬೇಕು. ಲಿವರ್‌ನ ಜೀವಕೋಶಗಳಿಗೆ ಅಂತಹ ಬಾಗಿಲಿಲ್ಲ. ರಕ್ತದಲ್ಲಿ ಏರಿದ ಸಕ್ಕರೆ ನೇರವಾಗಿ ಒಳಗೂ ಏರುತ್ತದೆ. ಒಲೆಗೆ ಒಮ್ಮೆಲೇ ಸೌದೆ ತುರುಕಿದರೆ ಬೆಂಕಿಗಿಂತ ಹೊಗೆಯೇ ಹೆಚ್ಚುತ್ತದಲ್ಲವೇ? ಜೀವಕೋಶದಲ್ಲೂ ಹಾಗೆಯೇ. ಆ ಹೊಗೆಯೇ ‘ಫ್ರೀ ರ‍್ಯಾಡಿಕಲ್’ಗಳು. ಅವು ಕೋಶದ ಹೊರಪದರ, ಪ್ರೋಟೀನು, ಡಿಎನ್ಎ ಎಲ್ಲಕ್ಕೂ ಪೆಟ್ಟು ಕೊಡುತ್ತವೆ. ಇದನ್ನು ತಡೆಯಲು ಲಿವರ್ ತಾನೇ ಗ್ಲುಟಾಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್ ತಯಾರಿಸಿಕೊಳ್ಳುತ್ತದೆ. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಈ ದಾಸ್ತಾನು ಕರಗುತ್ತದೆ, ಕೋಶಗಳು ಸಾಯುತ್ತವೆ, ಆ ಜಾಗದಲ್ಲಿ ಗಾಯದ ಕಲೆಯಂತಹ ಗಟ್ಟಿ ನಾರು ಬೆಳೆಯುತ್ತದೆ. ನೋವು ಮಾತ್ರ ಇರುವುದಿಲ್ಲ.

ಕಾಸನಿ, ಅರಿಶಿನ, ನೆಲ್ಲಿಕಾಯಿಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಗುಣವಿದೆ. (ಕಾಫಿಪುಡಿಗೆ ಬೆರೆಸುವ ಚಿಕೋರಿ ಎಂದರೆ ನಮ್ಮ ಕಾಸನಿಯ ಹುರಿದ ಬೇರೇ.) ಪ್ರಯೋಗಾಲಯದಲ್ಲಿ ಲಿವರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ವಿಪರೀತ ಸಕ್ಕರೆ ಹಾಕಿ, ಇಂತಹ ಸತ್ವಗಳನ್ನು ಕೊಟ್ಟಾಗ ಎಷ್ಟೋ ಕೋಶಗಳು ಉಳಿದಿವೆ. ಆದರೆ ತಟ್ಟೆಯಲ್ಲಿ ಸತ್ವ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ನೀವು ತಿಂದ ಅರಿಶಿನದ ಸತ್ವದಲ್ಲಿ ರಕ್ತ ಸೇರುವುದು ಬಹಳ ಸ್ವಲ್ಪ. ಹಾಗೆಂದು ಕ್ಯಾಪ್ಸೂಲುಗಳಿಗೆ ಕೈಹಾಕಬೇಡಿ. ಗಾಢ ಅರಿಶಿನ ಸತ್ವ, ಗ್ರೀನ್ ಟೀ ಸತ್ವದ ಕ್ಯಾಪ್ಸೂಲುಗಳಿಂದ ಲಿವರಿಗೇ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ಆ ಭಯ ಬೇಡ.

ನಾನು ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಸೌದೆ ಕಡಿಮೆ ಮಾಡದೆ ಹೊಗೆ ಮಾತ್ರ ಊದಿ ಪ್ರಯೋಜನವಿಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನನ್ನು ನೀವಾಗಿಯೇ ನಿಲ್ಲಿಸಬೇಡಿ. ತೂಕ ಹೆಚ್ಚಿದ್ದವರು ನೂರಕ್ಕೆ 7ರಿಂದ 10ರಷ್ಟು ಇಳಿಸಿಕೊಂಡರೆ ಲಿವರ್‌ನ ಕೊಬ್ಬೂ ಊತವೂ ಇಳಿಯುತ್ತವೆ. ಯಾವ ಸತ್ವವೂ ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಎಸ್‌ಜಿಪಿಟಿ ಸರಿಯಾಗಿದೆ ಎಂದು ನಿಶ್ಚಿಂತರಾಗಬೇಡಿ. ಅದು ಸರಿಯಿದ್ದೂ ಲಿವರ್ ಗಟ್ಟಿಯಾಗುತ್ತಿರಬಹುದು. ಫೈಬ್ರೋಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಖಾಲಾ ಮತ್ತೆ ತಮ್ಮ ಶುಗರ್ ಡಾಕ್ಟರ ಬಳಿ ಹೋಗಿ ಮಾತ್ರೆ ಶುರು ಮಾಡಿದ್ದಾರೆ. ಶರಬತ್ತಿನ ಬದಲು ಸಕ್ಕರೆಯಿಲ್ಲದ ಅರ್ಕ್ ಕಾಸನಿ ಕೊಟ್ಟಿದ್ದೇನೆ, ಅದನ್ನು ಆ ಡಾಕ್ಟರಿಗೂ ಚೀಟಿಯಲ್ಲಿ ಬರೆದು ತಿಳಿಸಿದ್ದೇನೆ.