ಬೆಕ್ಕಿಗಾಗಿ ಒಂದು ಅರ್ಜಿ

ಬಾಡಿಗೆಗೆ ಮನೆ ಕೇಳಲು ಹೋದವನನ್ನು ಮನೆಯ ಯಜಮಾನರು ಊರು, ಊಟ, ಸಂಬಳ ಎಲ್ಲವನ್ನೂ ವಿಚಾರಿಸುವುದುಂಟು. ಆದರೆ ಒಂದು ಬೆಕ್ಕನ್ನು ಮನೆಗೆ ಕರೆತರಲು ಹೊರಟ ಮನುಷ್ಯನು ಎರಡು ಪುಟಗಳ ಅರ್ಜಿಯನ್ನು ತುಂಬಬೇಕು, ಅದು ತಿರಸ್ಕೃತವಾಗಲೂಬಹುದು ಎಂಬುದು ಕಳೆದ ಮಳೆಗಾಲದವರೆಗೆ ನನಗೆ ತಿಳಿದಿರಲಿಲ್ಲ. ವಾಚಕರು ನಗಬಾರದು, ನನ್ನ ಅರ್ಜಿ ತಿರಸ್ಕೃತವಾಯಿತು.

ನಮ್ಮದು ಬೆಂಗಳೂರಿನ ಬನಶಂಕರಿಯ ಕಡೆ, ಮೂರನೆಯ ಅಂತಸ್ತಿನ ಮನೆ. ತಾಯಿ, ನಾವಿಬ್ಬರು ದಂಪತಿಗಳು, ಎಂಟು ವರ್ಷದ ಮಗಳು. ಬೆಕ್ಕು ಬೇಕೆಂದು ಹಟ ಹಿಡಿದವಳು ಮಗಳು. ನಾನು ಬೆಳೆದ ಹಳ್ಳಿಯಲ್ಲಿ ಬೆಕ್ಕನ್ನು ಯಾರೂ ತರುತ್ತಿರಲಿಲ್ಲ. ಅದು ತಾನಾಗಿ ಬರುತ್ತಿತ್ತು, ಅಟ್ಟದ ಮೇಲೆ ಮರಿ ಹಾಕುತ್ತಿತ್ತು, ಮನಸ್ಸು ಬಂದಾಗ ಎದ್ದು ಹೋಗುತ್ತಿತ್ತು. ನಗರದಲ್ಲಿ ಹಾಗಲ್ಲ. ಬೀದಿಪಾಲಾದ ಬೆಕ್ಕುಗಳನ್ನು ಕಾಪಾಡಿ, ಒಳ್ಳೆಯ ಮನೆಗಳಿಗೆ ಸೇರಿಸುವ ಸ್ವಯಂಸೇವಕರ ಒಂದು ಸಣ್ಣ ಸಂಘದ ವಿಳಾಸವನ್ನು ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಕೊಟ್ಟರು.

ಸಂಘವೆಂದರೆ ಕಟ್ಟಡ, ಫಲಕ, ಗುಮಾಸ್ತ ಎಂದು ಭಾವಿಸಿದ್ದೆ. ಅಂಥದೇನೂ ಅಲ್ಲಿರಲಿಲ್ಲ. ಬ್ಯಾಂಕಿನ ಉದ್ಯೋಗಿ ಒಬ್ಬರು, ನಿವೃತ್ತ ಶಿಕ್ಷಕಿ ಒಬ್ಬರು, ಓದುತ್ತಿರುವ ನಾಲ್ಕೈದು ಮಂದಿ ಹುಡುಗ ಹುಡುಗಿಯರು, ಇಷ್ಟೇ ಸಂಘ. ಬೆಕ್ಕುಗಳು ಇವರ ಮನೆಗಳಲ್ಲಿಯೇ ಇರುತ್ತವೆ. ಶಿಕ್ಷಕಿಯ ಮನೆಯ ಅತಿಥಿಗಳ ಕೋಣೆಯಲ್ಲಿ ಅಂದು ಹನ್ನೊಂದು ಬೆಕ್ಕುಗಳಿದ್ದುವು. ಮಳೆಯ ರಾತ್ರಿ ಬೆಚ್ಚಗಿನ ಜಾಗ ಹುಡುಕಿಕೊಂಡು ಕಾರಿನ ಎಂಜಿನ್ನಿನೊಳಗೆ ಸೇರಿದ್ದ ಮರಿಯೊಂದನ್ನು ಹೊರತೆಗೆಯಲು ಇವರು ಮಧ್ಯರಾತ್ರಿ ಹೋಗಿದ್ದರಂತೆ. ಪಶುವೈದ್ಯರಿಗೆ ಕೊಡಬೇಕಾದ ಬಾಕಿ ತಿಂಗಳಿಂದ ತಿಂಗಳಿಗೆ ಸಾಗುತ್ತಲೇ ಇರುತ್ತದೆ. ದೊಡ್ಡ ಬೆಕ್ಕುಗಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸದೆ ಇವರು ಯಾರಿಗೂ ಕೊಡುವುದಿಲ್ಲ. ಬೆಕ್ಕು ಗರ್ಭ ಧರಿಸುವುದು ಒಂಬತ್ತು ವಾರ ಮಾತ್ರ. ಐದಾರು ತಿಂಗಳ ಮರಿಯೇ ತಾಯಿಯಾಗಬಲ್ಲದು. ಈ ಲೆಕ್ಕದ ಮುಂದೆ ನಾಲ್ಕಾರು ಜನರ ದಯೆ ಎಷ್ಟು ದಿನ ನಿಂತೀತು?

ಅರ್ಜಿಯಲ್ಲಿ ಕೇಳಿದ್ದ ಪ್ರಶ್ನೆಗಳು ಹಲವು. ಮನೆ ಸ್ವಂತವೋ ಬಾಡಿಗೆಯೋ, ಯಜಮಾನರ ಒಪ್ಪಿಗೆಯುಂಟೋ, ಊರಿಗೆ ಹೋದಾಗ ಬೆಕ್ಕನ್ನು ಯಾರು ನೋಡುವರು, ಕಿಟಕಿಗಳಿಗೆ ಜಾಲರಿ ಇದೆಯೇ. ಕೊನೆಯದನ್ನು ಓದಿ ನಾನು ನಕ್ಕೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲಮೇಲೆ ನಿಲ್ಲುವುದೆಂದು ನಮ್ಮ ನಂಬಿಕೆ. ಆದರೆ ನ್ಯೂಯಾರ್ಕಿನಲ್ಲಿ ಮಹಡಿಗಳಿಂದ ಬಿದ್ದು ಆಸ್ಪತ್ರೆ ಸೇರಿದ 132 ಬೆಕ್ಕುಗಳ ವಿವರವನ್ನು ಅಲ್ಲಿಯ ಪಶುವೈದ್ಯರು 1987ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಬದುಕಿದುವು, ನಿಜ; ಆದರೆ ಎದೆಗೆ ಪೆಟ್ಟು, ಮುರಿದ ದವಡೆ, ಮುರಿದ ಕಾಲುಗಳೊಡನೆ. ಜಾಲರಿ ಹಾಕಿಸಲು ಒಪ್ಪಿದೆ.

ಎಡವಿದ್ದು ಮತ್ತೊಂದು ಪ್ರಶ್ನೆಯಲ್ಲಿ: ‘ಏನು ತಿನ್ನಿಸುವಿರಿ?’ ‘ಹಾಲು, ಮೊಸರನ್ನ’ ಎಂದು ನಿಸ್ಸಂಕೋಚವಾಗಿ ಬರೆದೆ. ಎರಡು ದಿನಗಳ ಮೇಲೆ ಸಂಘದ ಹುಡುಗಿಯೊಬ್ಬಳು ದೂರವಾಣಿಯಲ್ಲಿ ಬಹಳ ವಿನಯದಿಂದ, “ಕ್ಷಮಿಸಿ ಸಾರ್, ನಿಮಗೆ ಬೆಕ್ಕು ಕೊಡಲಾಗದು” ಎಂದಳು.

ನನಗೆ ಕೋಪವೇ ಬಂದಿತು. ನಮ್ಮ ಅಜ್ಜಿಯ ಬೆಕ್ಕು ಮೊಸರನ್ನ ತಿಂದೇ ಹದಿನಾಲ್ಕು ವರ್ಷ ಬಾಳಲಿಲ್ಲವೆ? “ಅಜ್ಜಿಯ ಮನೆಯಲ್ಲಿ ಇಲಿಗಳಿದ್ದುವೆ ಸಾರ್?” ಎಂದಳು ಹುಡುಗಿ. ಇದ್ದುವು, ಕಣಜದ ತುಂಬ. ಮೊಸರನ್ನ ಅದಕ್ಕೆ ಉಪಾಹಾರ ಮಾತ್ರ. ಊಟ ಬೇರೆಡೆಯಲ್ಲಿ ನಡೆಯುತ್ತಿತ್ತು. ಇಪ್ಪತ್ತೈದು ವರ್ಷ ನನಗೆ ಹೊಳೆಯದಿದ್ದ ಈ ಸಂಗತಿಯನ್ನು ನನ್ನ ವಿದ್ಯಾರ್ಥಿನಿಯ ವಯಸ್ಸಿನವಳು ಹೇಳಬೇಕಾಯಿತು.

ಮಾಂಸ ಮೀನುಗಳಲ್ಲಿರುವ ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ದೊರೆಯದಿದ್ದರೆ ಕಣ್ಣಿನ ಒಳಪಟಲ ನಶಿಸುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುವುದೆಂದು 1987ರಲ್ಲಿಯೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಗಜ್ಜರಿ ತಿಂದು ‘ಎ’ ಜೀವಸತ್ತ್ವ ಮಾಡಿಕೊಳ್ಳುವ ನಮ್ಮ ಶಕ್ತಿಯೂ ಅದಕ್ಕಿಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಕೂಡ ಜೀರ್ಣವಾಗದು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದುದರಲ್ಲಿ ತನ್ನದೇ ವಿವೇಕವಿದ್ದಿರಬೇಕು!

ಇಲ್ಲಿಗೆ ಪ್ರಶ್ನೆ ಬೆಕ್ಕಿನದಾಗಿ ಉಳಿಯಲಿಲ್ಲ, ನಮ್ಮ ಮನೆಯದಾಯಿತು. ತಲೆಮಾರುಗಳಿಂದ ಮೊಟ್ಟೆಯನ್ನೂ ಒಳಗೆ ತರದ ಮನೆ. ಮಗಳು ಊಟ ಬಿಟ್ಟಳು. ನನ್ನ ಹೆಂಡತಿ, “ಅತ್ತೆಯವರು ಹೇಳಿದಂತೆ” ಎಂದು ಜಾಣತನದಿಂದ ಜಾರಿಕೊಂಡಳು. ತಾಯಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರಾತ್ರಿ ಮೊಮ್ಮಗಳ ತಲೆ ಬಾಚುತ್ತ ಕೇಳಿದರು: “ಅಲ್ಲಪ್ಪಾ, ಪುಣ್ಯಕೋಟಿಯನ್ನು ತಿನ್ನೆನೆಂದ ಆ ಹುಲಿ ಕೊನೆಗೆ ಏನಾಯಿತು?”

“ಬೆಟ್ಟದಿಂದ ಹಾರಿ ಸತ್ತಿತು.”

“ನಿನ್ನ ಚಿಕ್ಕಂದಿನಲ್ಲಿ ಎಷ್ಟು ಸಲ ಹಾಡಿದ್ದೇನೆ. ಹಸುವಿಗಾಗಿಯೇ ಅಳುತ್ತಿದ್ದೆವು. ಹುಲಿ ಪಾಪದ್ದು, ಅದಕ್ಕೆ ಬೇರೆ ದಾರಿ ಇರಲಿಲ್ಲವಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಅಡುಗೆಮನೆಯೊಳಗೆ ಮಾತ್ರ ಬೇಡ. ಬಟ್ಟೆ ಒಗೆಯುವ ಕಡೆ ಇಟ್ಟುಕೊಳ್ಳಿ. ನಾನಂತೂ ಮುಟ್ಟುವುದಿಲ್ಲ” ಎಂದರು.

ಎಂ.ಎ. ತರಗತಿಯಲ್ಲಿ ಗೋವಿನ ಹಾಡಿನ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದವನು ನಾನು. ಅದರಲ್ಲಿ ಹುಲಿಯ ಹೊಟ್ಟೆಯ ಪ್ರಸ್ತಾಪವೇ ಇರಲಿಲ್ಲ.

ಎರಡನೆಯ ಅರ್ಜಿ ಸ್ವೀಕೃತವಾಯಿತು. ಹುಡುಗಿ ಮನೆಗೆ ಬಂದು ಜಾಲರಿಯನ್ನು ಎಳೆದು ನೋಡಿದಳು; ಅಮ್ಮನನ್ನೂ ಕೂಡಿಸಿಕೊಂಡು ಮಾತಾಡಿದಳು. ಇಷ್ಟೊಂದು ಪರೀಕ್ಷೆ ಏಕೆಂದು ಕೇಳಿದ್ದಕ್ಕೆ, ನಮಗಾಗಿ ಆರಿಸಿದ್ದ ಬೆಕ್ಕಿನ ಕಥೆ ಹೇಳಿದಳು. ಎರಡು ವರ್ಷದ ಕರಿಯ ಹೆಣ್ಣು ಬೆಕ್ಕು. ಸಾಕಿದವರು ಮನೆ ಬದಲಾಯಿಸಿದಾಗ ಸಾಮಾನೆಲ್ಲ ಸಾಗಿಸಿ ಇದನ್ನು ಮೆಟ್ಟಿಲ ಬಳಿ ಬಿಟ್ಟುಹೋಗಿದ್ದರು. ಬೀಗ ಹಾಕಿದ ಬಾಗಿಲ ಮುಂದೆ ಅದು ದಿನಗಟ್ಟಲೆ ಕುಳಿತಿತ್ತು. ಕರಿಯದಾದುದರಿಂದ ಅಲ್ಲಿಯವರು ಓಡಿಸುತ್ತಿದ್ದರು. ಅದು ತಿರುಗಿ ಅದೇ ಬಾಗಿಲಿಗೆ ಬರುತ್ತಿತ್ತು.

ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಆ ಕಾಯಿದೆಗಾಗಿ ರಾಜ್ಯಸಭೆಯಲ್ಲಿ ಶ್ರಮಿಸಿದವರು ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲರು. 1962ರಲ್ಲಿ ಸ್ಥಾಪಿತವಾದ ಪ್ರಾಣಿ ಕಲ್ಯಾಣ ಮಂಡಳಿಗೂ ಅವರೇ ಮೊದಲ ಅಧ್ಯಕ್ಷೆ. ಕಾಯಿದೆ ಪುಸ್ತಕದಲ್ಲಿದೆ, ಮೆಟ್ಟಿಲ ಬಳಿಗೆ ಹೋಗುವವರು ಈ ಹುಡುಗಿಯಂಥವರು. ಸಾಕಲಾಗದಿದ್ದರೆ ಬೀದಿಗೆ ಬಿಡದೆ ತಮಗೇ ಹಿಂದಿರುಗಿಸಬೇಕೆಂಬ ಪತ್ರಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡಳು. ಅಮ್ಮ ತಾವೂ ಸಹಿ ಹಾಕುವೆನೆಂದರು.

ಮಗಳು ‘ಕಾಡಿಗೆ’ ಎಂದು ಹೆಸರಿಟ್ಟಳು. ಕಾಡಿಗೆ ಮೂರು ದಿನ ಮಂಚದ ಕೆಳಗಿನಿಂದ ಹೊರಬರಲಿಲ್ಲ. ನಾವು ನಿದ್ರಿಸಿದ ಮೇಲೆ ತಿಂದು, ಮರಳಿನ ತಟ್ಟೆಯನ್ನು ಬಳಸಿ, ಮತ್ತೆ ಒಳಸೇರುತ್ತಿತ್ತು. ಹೊರಗೆ ಯಾರಾದರೂ ಬೀಗ ತಿರುಗಿಸಿದ ಸದ್ದಾದರೆ ಇಂದಿಗೂ ಬಾಗಿಲಿಗೆ ಓಡುತ್ತದೆ.

ಮೊನ್ನೆ ಬೆಳಗ್ಗೆ ಐದು ಗಂಟೆಗೆ ಏನೋ ಸದ್ದಾಗಿ ಎದ್ದು ಹೋದೆ. ಅಮ್ಮ ಬಟ್ಟೆ ಒಗೆಯುವ ಕಡೆ ಕುಕ್ಕರಗಾಲಿನಲ್ಲಿ ಕುಳಿತು, ಮುಖವನ್ನು ಅತ್ತ ತಿರುಗಿಸಿಕೊಂಡು, ಮೀನಿನ ಆಹಾರದ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಮುಂದಕ್ಕೆ ತಳ್ಳುತ್ತಿದ್ದರು. ನನ್ನನ್ನು ಕಂಡು, “ಇದೊಂದು ಬೇರೆಯ ಇಕ್ಕಳ, ಅಡುಗೆಮನೆಯದಲ್ಲ” ಎಂದು ಹೇಳಿ ಸ್ನಾನಕ್ಕೆ ಹೋದರು.